ಮೊದಲ ಕೂಗಿಗೇ ಓ ಅನ್ನಬೇಕು

ನನಗ ಸಿಟ್ಟು ಬಂದಿದ್ದು ಸುಮ್ಮನಲ್ಲ. ಶಹಾಪುರದ ಒಂದು ಕಾಲೇಜಿನಾಗ ಡಿಗ್ರಿ ಕೊನೀ ವರ್ಷದ ಎಂಟು ಹುಡುಗೀರನ್ನ ಗುಂಡಗ ಕುಂದ್ರಿಸಿ ಗುಂಪುಚರ್ಚೆ ಕಲಸಾಕತ್ತಿದ್ದೆ. ಹೆಸರು ಕರದ ಕೂಡಲೇ ಬಾಯಿ ಬಿಡಬೇಕು, ಅಷ್ಟೇ. ಆದ್ರ ಕೆಂಭಾವಿ ಕಡಿಂದ ಬರೋ ಭಾಗಮ್ಮನ್ನ ಕರದ್ರ ಆಕಿ ನೆಲ ನೋಡಾಕಿ. ಇನ್ನೊಮ್ಮೆ ಕರದ್ರೂ ನೆಲನೇ. ಮೂರನೇ ಸಲ ಕರದ ಮ್ಯಾಲ "ಹೇಳ್ರಿ ಸರ್" ಅಂದು ಅರಳು ಹುರದಂಗ ಮಾತಾಡಾಕಿ.

"ಕಿವಿಗೆ ಏನಾಗ್ಯಾದ ನಿನಗ?" ಅಂತ ಒಂದಿನ ಕೇಳೇಬಿಟ್ಟೆ.

"ನಮ್ಮೂರಾಗ ಹಂಗ್ರಿ ಸರ್. ಕೆನಾಲ್ ಬಂದಾಗಿಂದ ನೀರು ಹೆಸರು ಹಿಡದು ಕರೀತದ, ಗೊತ್ತಿದ್ದೋರ ದನಿ ತಗೊಂಡು. ಎರಡೇ ಸಲ. ಮೂರನೇದು ಅದಕ್ಕ ಬರಂಗಿಲ್ಲ. ಅದಕ್ಕ ಮೊದಲೇ ಓ ಅಂದೋರು ತಿರುಗಿ ಬಂದಿಲ್ರಿ."

ಉಳಿದ ಹುಡುಗೀರು ಯಾರೂ ನಗಲಿಲ್ಲ. ನಾನೊಬ್ಬನೇ ನಕ್ಕೆ. ಯಾದಗಿರಿ ಪ್ಯಾಟ್ಯಾಗ ನಳದ ನೀರು ಕುಡದು ಬೆಳದಾವ, ನನಗೇನು ತಿಳೀಬೇಕು? ಮುಂದಿನ ತಿಂಗಳು ಕಲಬುರ್ಗಿಯೊಳಗ ನೌಕರಿ ಆಯ್ಕೆ ಇತ್ತು, ಮೊದಲ ಸುತ್ತೇ ಗುಂಪುಚರ್ಚೆ. ಅಲ್ಲಿ ಮೂರು ಸಲ ಯಾರು ಕರೀತಾರ? ಮೊದಲ ಕೂಗಿಗೇ ಓ ಅನ್ನದಿದ್ರ ಮಾರ್ಕ್ಸ್ ಕಟ್ ಅಂತ ನಿಯಮ ಮಾಡಿದೆ.

ಮೂರು ವಾರ ಆಕಿ ಬೆನ್ನು ಹತ್ತಿದೆ. ಹಿಂದಿನಿಂದ ಕರದೆ, ಬಾಗಲ ಹೊರಗಿಂದ ಕರದೆ, ಬಸ್ ಸ್ಟ್ಯಾಂಡಿನಾಗೂ ಕರದೆ. ಮೊದಮೊದಲು ಆಕಿ ಬಾಯಿ ಬಿಗಿ ಹಿಡದು ನೆಲ ನೋಡ್ತಿದ್ಲು. ಆಮ್ಯಾಲ ನನ್ನ ದನಿ ಕಿವಿಗೆ ಬಿದ್ದ ಕೂಡಲೇ "ಸರ್" ಅನ್ನಾಕತ್ತಿದ್ಲು. ಸುಳ್ಳ್ಯಾಕ ಹೇಳ್ಲಿ, ನನಗ ಭಾಳ ಖುಷಿ ಆಗಿತ್ತು.

ಒಂದು ಐತವಾರ ಕೆನಾಲಿಗೆ ನೀರು ಬಿಟ್ರು. ಸೋಮವಾರ ಭಾಗಮ್ಮ ಕ್ಲಾಸಿಗೆ ಬರಲಿಲ್ಲ. ಕೆನಾಲಿನ ಗೇಟಿನ ಹತ್ರ ಆಕಿ ಹೆಣ ಸಿಕ್ಕಾದ ಅಂತ ಮಧ್ಯಾಹ್ನ ಸುದ್ದಿ ಬಂತು.

ಮರುದಿನ ಅವರೂರಿಗೆ ಹೋದೆ. ಆಕಿ ಅವ್ವ ಅಯ್ಯಮ್ಮ ಮಾರಿ ಮುಚ್ಕೊಂಡು ಹೊಸ್ತಿಲ ಮ್ಯಾಲ ಕುಂತಿದ್ಲು. ನಾವೆಂದೂ ಭೇಟಿ ಆಗಿದ್ದಿಲ್ಲ. "ಅಕ್ಕಾರ" ಅಂದೆ. ಅಲುಗಲಿಲ್ಲ. ಮೂರನೇ ಸಲಕ್ಕ ಮಾರಿ ಎತ್ತಿ ನನ್ನನ್ನ ದಿಟ್ಟಿಸಿದ್ಲು.

"ಇದೇ ದನಿ," ಅಂದ್ಲು. "ಐತವಾರ ಹಾಡಹಗಲು ರೊಟ್ಟಿ ಬಡ್ಯಾಕತ್ತಿದ್ಲು. ಕೆನಾಲ್ ಕಡಿಂದ ನೀವು ಒಮ್ಮೆ ಕರದ್ರಿ. ತಡಿ, ಇನ್ನೆರಡು ಸಲ ಕರೀಲಿ ಅಂದೆ. ಸರ್ ಮಾರ್ಕ್ಸ್ ಕಟ್ ಮಾಡ್ತಾರವ್ವ ಅಂತ ಹಿಟ್ಟಿನ ಕೈಲೇ ಓಡಿದ್ಲು."

ಆ ಐತವಾರ ನಾನು ಯಾದಗಿರಿ ಬಿಟ್ಟು ಕದಲಿದ್ದಿಲ್ಲ. ಅದನ್ನ ಆ ತಾಯಿಗೆ ಯಾವ ಬಾಯಿಲೆ ಹೇಳ್ಲಿ?