ವೈನಿಗೆ ಕಾಲಂ ಇಲ್ಲ

ಕಲ್ಲೋಳಿಯ ಹಾಲಿನ ಸಂಘದಲ್ಲಿ ಆರೋಗ್ಯ ವಿಮೆಯ ಫಾರ್ಮು ತುಂಬಿಸುವ ದಿನ ಬೀರಸಿದ್ದಪ್ಪ ಹೆಂಡತಿ ಮಕ್ಕಳ ಜೊತೆಗೆ ತಾನು ವೈನಿ ಎಂದು ಕರೆಯುವ ಅತ್ತಿಗೆ ದುಂಡವ್ವನ ಹೆಸರನ್ನೂ ಬರೆಸಲು ಅವಳನ್ನು ಕರೆದುಕೊಂಡೇ ಹೋದ. ಅಣ್ಣ ತೀರಿಕೊಂಡ ಮೇಲೂ ಆ ಮನೆಯಲ್ಲೇ ಉಳಿದು, ತಾಯಿಯಿಲ್ಲದ ಮೈದುನನನ್ನು ಸಾಕಿದವಳು ಅವಳು. ಈಗ ಅವಳ ಮೊಣಕಾಲಿಗೆ ಆಪರೇಶನ್ ಆಗಬೇಕಿತ್ತು.

"ವೈನಿಗೆ ಕಾಲಂ ಇಲ್ರಿ ಕಾಕಾ," ಎಂದ ಸಂಘದ ಸೆಕ್ರೆಟರಿ ಬಾಳೇಶ. "ಅಪ್ಪ, ಅವ್ವ, ಹೆಂಡ್ತಿ, ಮಕ್ಕಳು, ಅಷ್ಟ."

"ಹಂಗಾದ್ರ ಅವ್ವ ಅಂತ ಬರಿಪಾ. ಅದೇನ ಸುಳ್ಳಲ್ಲ."

ಬಾಳೇಶ ಇಬ್ಬರ ಆಧಾರ್ ಕಾರ್ಡನ್ನೂ ನೋಡಿದ. "ಇವರು ನಿಮಗಿಂತ ಒಂಬತ್ತ ವರ್ಷ ಅಷ್ಟ ದೊಡ್ಡವ್ರು. ಕಂಪ್ಯೂಟರ್ ಒಪ್ಪೂದಿಲ್ರಿ."

"ನಾ ಹಡದಿಲ್ಲಪಾ," ಎಂದಳು ದುಂಡವ್ವ. "ಕಂಪ್ಯೂಟರ್ ಖರೇನ ಹೇಳತೈತಿ."

ಬೀರಸಿದ್ದಪ್ಪನಿಗೆ ಸಿಟ್ಟು ಬಂತು. ಹಾಗಾದರೆ ಯಾರ ಹೆಸರೂ ಬೇಡವೆಂದು ಎದ್ದ. ದುಂಡವ್ವ ಅಂಗಿ ಜಗ್ಗಿ ಕೂರಿಸಿದಳು.

ಬಾಳೇಶ ಸ್ವಲ್ಪ ಯೋಚಿಸಿದ. "ಒಂದ ಎಮ್ಮಿ ಹಾಲು ಇವರ ಹೆಸರಲೆ ಹಾಕ್ರಿ. ಆಗ ಇವರು ತಾವ ಮೆಂಬರ್ ಆಗ್ತಾರ, ವಿಮಾನೂ ಇವರ ಹೆಸರಲೆ ಬರತೈತಿ."

ಬೀರಸಿದ್ದಪ್ಪ ಅಂದೇ ಒಂದು ಎಮ್ಮೆಯನ್ನು ಅತ್ತಿಗೆಗೆ ಬಿಟ್ಟುಕೊಟ್ಟ. ಕೆಲವು ತಿಂಗಳ ಮೇಲೆ ಅವಳ ವಿಮೆಯ ಕಾರ್ಡು ಬಂತು. ಅದರಲ್ಲಿ ಅವಳೊಬ್ಬಳದೇ ಹೆಸರು. "ಕುಟುಂಬದ ಮುಖ್ಯಸ್ಥರು, ದುಂಡವ್ವ," ಎಂದು ಅವನು ಓದಿದ. ಅವಳು ಇನ್ನೊಮ್ಮೆ ಓದಿಸಿಕೊಂಡಳು.

"ಆಪರೇಶನ್ ಸೋಮವಾರ ಐತಿ ವೈನಿ."

"ಮುಖ್ಯಸ್ಥರು ಯಾರು?"

"ನೀವ."

"ಹಂಗಾದ್ರ ಹೊಲದಾಗಿನ ಉಳ್ಳಾಗಡ್ಡಿ ಕಿತ್ತ ಮ್ಯಾಲ ಮಾಡಸ್ತೇನಿ."

ತಾರೀಖು ಬದಲಿಸಲು ಬೀರಸಿದ್ದಪ್ಪ ಮರುದಿನ ಘಟಪ್ರಭಾದ ಆಸ್ಪತ್ರೆಗೆ ಬಸ್ಸು ಹತ್ತಿದ.