ಹಸಿರು ಗಾಡಿಯ ಸಿಳ್ಳೆ

ಶನಿವಾರ ಗುಜರಿ ಅಂಗಡಿಯ ಲೈಲ್ ತನ್ನ ಟ್ರಕ್ಕು ತಂದು ಮನೆಯ ಹಸಿರು ಗಾಡಿಯನ್ನು ಎಳೆದುಕೊಂಡು ಹೋಗುತ್ತಾನೆ ಎಂದು ಗೊತ್ತಾದ ದಿನದಿಂದ ಐಲಿಗೆ ಊಟ ಸೇರುತ್ತಿರಲಿಲ್ಲ. ಲೈಲ್‌ಗೆ ಮಾತು ಕೊಟ್ಟವನು ಅವಳ ಗಂಡ ಕಲೇವಿಯೇ. ಮೊಣಕಾಲಿನ ಆಪರೇಷನ್ ಆದ ಮೇಲೆ ಅಷ್ಟು ಎತ್ತರದ ಗಾಡಿ ಹತ್ತಲು ಅವನಿಂದ ಆಗದೆ ಮನೆಗೆ ಒಂದು ಸಣ್ಣ ಕಾರು ಬಂದಿತ್ತು. ಎರಡನ್ನೂ ಅಂಗಳದಲ್ಲಿ ನಿಲ್ಲಿಸಿಕೊಂಡರೆ ಹಿಮ ತಳ್ಳಿ ಹಾಕಲು ಜಾಗ ಎಲ್ಲಿ? ಅಕ್ಟೋಬರ್ ಮುಗಿಯುತ್ತ ಬಂದಿತ್ತು, ಥಂಡರ್ ಬೇ ಊರಿನ ಆಕಾಶ ಯಾವಾಗ ಬೇಕಾದರೂ ಬಿಳಿ ಸುರಿಯುವಂತಿತ್ತು. ಕಲೇವಿ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅಷ್ಟರೊಳಗೆ ಮಕ್ಕಳಿರುವ ಮನೆಯವರು ಯಾರಾದರೂ ಕೊಂಡರೆ ಕೊಳ್ಳಲಿ, ಇಲ್ಲದಿದ್ದರೆ ಲೈಲ್ ಒಯ್ಯಲಿ ಎಂದು ಗಂಡ ಹೆಂಡತಿ ಒಪ್ಪಿಕೊಂಡಿದ್ದರು.

ಲೈಲ್ ಒಯ್ದರೆ ಅದನ್ನು ಹಿಂಡಿ ಒಂದು ಪೆಟ್ಟಿಗೆಯಷ್ಟು ಮಾಡಿಬಿಡುತ್ತಾನೆ. ಮೂರು ಮಕ್ಕಳು ಹಲ್ಲು ಬೀಳಿಸಿಕೊಂಡ, ಹಲ್ಲು ಬರಿಸಿಕೊಂಡ ಗಾಡಿ ಅದು.

ಗಾಡಿಯನ್ನು ಅಂಗಳದಲ್ಲೇ ರಸ್ತೆಗೆ ಕಾಣುವಂತೆ ತಿರುಗಿಸಿ, ಗಾಜಿನ ಮೇಲೆ 'ಮಾರಾಟಕ್ಕಿದೆ' ಎಂದು ಬರೆದು ನಿಲ್ಲಿಸಿದ್ದಾಯಿತು. ಕೇಳಿಕೊಂಡು ಬಂದವರೂ ಇದ್ದರು. ಆದರೆ ಕಲೇವಿಯ ಬಾಯಿ ಇದೆಯಲ್ಲ, ಅದಕ್ಕೆ ಏನು ಹೇಳುವುದು! ಮೊದಲು ಬಂದ ಮೇಷ್ಟರು ಬಾಗಿಲು ಮುಟ್ಟುವ ಮೊದಲೇ ಇವನು ಕೋಲೂರಿಕೊಂಡು ಹೊರಟು, ಹಿಂಚಕ್ರದ ಮೇಲೆ ತುಕ್ಕು ತಿಂದಿದೆ, ಡಿಕ್ಕಿ ಬಾಗಿಲು ನಿಲ್ಲುವುದಿಲ್ಲ, ಬಂಪರ್ ಬಿರುಕು ಬಿಟ್ಟಿದೆ, ಬಾನೆಟ್ಟಿನ ಬಣ್ಣ ಹಪ್ಪಳದ ಹಾಗೆ ಏಳುತ್ತಿದೆ ಎಂದು ತೋರಿಸುತ್ತ ಹೋದ. ಮೇಷ್ಟರು ಕೈಕುಲುಕಿ ಹೋದವರು ಮತ್ತೆ ಬರಲಿಲ್ಲ. ಆಮೇಲೆ ಬಂದ ಗಂಡ ಹೆಂಡತಿಗೂ ಅದೇ ಪುರಾಣ. ಅವರಂತೂ ಒಳಗೆ ಕೂತು ನೋಡಲೂ ಇಲ್ಲ.

"ನಿಂದೇನು ಬಾಯೋ, ತೂತು ಬಿದ್ದ ಮಡಕೆಯೋ? ಗಾಡಿ ಮಾರಕ್ಕೆ ನಿಂತಿದೀಯೋ, ಅದರ ಮಾನ ಕಳೆಯಕ್ಕೆ ನಿಂತಿದೀಯೋ?" ಎಂದು ಐಲಿ ಆ ಸಂಜೆ ಚೆನ್ನಾಗಿ ಝಾಡಿಸಿದಳು.

"ತಗೊಂಡೋರು ಆಮೇಲೆ ಶಾಪ ಹಾಕಬಾರದಲ್ವೇನೇ" ಎಂದು ಅವನು ತಣ್ಣಗೆ ಹೇಳಿ ಹಬೆಸ್ನಾನದ ಸೌನಾ ಕೋಣೆಯ ಒಲೆಗೆ ಕಟ್ಟಿಗೆ ಹಾಕಲು ಹೋದ.

ಶುಕ್ರವಾರ ಬೆಳಿಗ್ಗೆ ಬರುತ್ತೇನೆಂದು ಟ್ರೀನಾ ಎಂಬ ಹೆಂಗಸು ಫೋನು ಮಾಡಿದಾಗ ಐಲಿ ಗಟ್ಟಿ ಮನಸ್ಸು ಮಾಡಿದಳು. ಇಬ್ಬರು ಹೆಣ್ಣುಮಕ್ಕಳ ತಾಯಿಯಂತೆ, ಆಸ್ಪತ್ರೆಯಲ್ಲಿ ಕೆಲಸವಂತೆ. ಇಂಥವಳ ಕೈಗೇ ಹೋಗಬೇಕು ಗಾಡಿ. ಕಲೇವಿಗೆ ಅಡುಗೆಮನೆ ಬಿಟ್ಟು ಹೊರಗೆ ಕಾಲಿಡಕೂಡದು, ತಾನು ಕರೆಯುವವರೆಗೆ ಕಿಟಕಿಯಲ್ಲೂ ಮುಖ ತೋರಿಸಕೂಡದು ಎಂದು ತಾಕೀತು ಮಾಡಿದಳು. ಆಮೇಲೆ ಗುರುವಾರವಿಡೀ ಗಾಡಿಯ ಪಕ್ಕದಲ್ಲಿ ಮಂಡಿಯೂರಿದಳು.

ಹಿಂಚಕ್ರದ ಮೇಲಿನ ಕಮಾನಿನಲ್ಲಿ ಅಂಗೈ ಹೋಗುವಷ್ಟು ತೂತು. ರಸ್ತೆಗೆ ಸುರಿದ ಉಪ್ಪು ಇಷ್ಟು ಚಳಿಗಾಲ ನೆಕ್ಕಿ ನೆಕ್ಕಿ ಮಾಡಿದ್ದು. ಒಳಗೆ ಜಾಲರಿ ಒತ್ತಿ, ಡಬ್ಬಿಯಿಂದ ಪುಟ್ಟಿ ತೆಗೆದು ಮೆತ್ತಿದಳು. ಶಾಲೆಯ ಅಡುಗೆಮನೆಯಲ್ಲಿ ಕೇಕುಗಳಿಗೆ ಕ್ರೀಮು ಸವರಿದ ಕೈ ಅವಳದು. ಪುಟ್ಟಿಯೂ ಹಾಗೇ ನುಣ್ಣಗೆ ಕೂತಿತು. ಮೇಲೆ ಹಸಿರು ಬಣ್ಣ ಸಿಂಪಡಿಸಿದಳು. ಹಳೆಯ ಹಸಿರಿಗೂ ಹೊಸ ಹಸಿರಿಗೂ ಸ್ವಲ್ಪ ವ್ಯತ್ಯಾಸ ಕಂಡಿತು, ಮೋಡದ ದಿನ ಯಾರು ನೋಡುತ್ತಾರೆ ಎಂದು ಸಮಾಧಾನ ಮಾಡಿಕೊಂಡಳು.

ಡಿಕ್ಕಿ ಬಾಗಿಲನ್ನು ಎತ್ತಿ ಹಿಡಿಯುವ ಗ್ಯಾಸ್ ರಾಡುಗಳು ಸತ್ತು ಎಷ್ಟೋ ವರ್ಷವಾಗಿತ್ತು. ದೊಡ್ಡ ಮಗ ಟೀಮೊ ಮುರಿದುಕೊಂಡು ಬಂದ ಹಾಕಿ ಕೋಲನ್ನು ಕಲೇವಿ ಅಳತೆಗೆ ಕೊಯ್ದು ಬಾಗಿಲಿಗೆ ಊರುಗೋಲು ಮಾಡಿದ್ದ. ಐಲಿ ಆ ಕೋಲನ್ನು ಒಯ್ದು ಸೌನಾದ ಬೆಂಚಿನ ಕೆಳಗೆ ತಳ್ಳಿದಳು. ಬಂಪರಿನ ಬಿರುಕನ್ನು ಬಿಗಿದಿದ್ದ ಪ್ಲಾಸ್ಟಿಕ್ ಟ್ಯಾಗುಗಳನ್ನು ಕತ್ತರಿಸಿ ಅಂಟು ಹಾಕಿದಳು. ಮಗಳು ಕಿರ್ಸ್ತಿ ಡ್ರೈವಿಂಗ್ ಕಲಿಯುವಾಗ ಕಲ್ಲಾಗಿದ್ದ ಹಿಮದ ರಾಶಿಗೆ ಗುದ್ದಿ, "ಅಮ್ಮಾ, ಅದು ಮೆತ್ತಗಿದೆ ಅಂದ್ಕೊಂಡೆ" ಎಂದು ಬಿಕ್ಕಿದ್ದು ನೆನಪಾಗಿ ಒಬ್ಬಳೇ ನಕ್ಕಳು.

ಕೊನೆಗೆ ಉಳಿದದ್ದು ಸಿಳ್ಳೆ. ಮೇಲಿನ ಕ್ಯಾರಿಯರಿನ ಅಡ್ಡಪಟ್ಟಿಯಲ್ಲಿದ್ದ ರಬ್ಬರ್ ಬೀಡಿಂಗ್, ಒಂದು ಬೇಸಿಗೆ ದೋಣಿ ಕಟ್ಟಿಕೊಂಡು ಕೆರೆಯ ಕ್ಯಾಂಪಿಗೆ ಹೋದಾಗ ಕಿತ್ತು ಎಲ್ಲೋ ಬಿದ್ದುಹೋಗಿತ್ತು. ಅಂದಿನಿಂದ ಗಾಡಿ ಸ್ವಲ್ಪ ವೇಗ ಹಿಡಿದರೆ ಸಾಕು, ಆ ಸಂದಿಯಲ್ಲಿ ಗಾಳಿ ಹೊಕ್ಕು ಉದ್ದಕ್ಕೆ ಸಿಳ್ಳೆ ಹೊಡೆಯುತ್ತಿತ್ತು. ಮಕ್ಕಳನ್ನು ಕರೆದುಕೊಂಡು ಐಲಿ ಶಾಲೆಯಿಂದ ಬಂದು ಬೂಟು ಕಳಚುವಷ್ಟರಲ್ಲಿ ಮೇಜಿನ ಮೇಲೆ ಬಿಸಿ ಕಾಫಿ, ಏಲಕ್ಕಿ ಹಾಕಿದ ಪುಲ್ಲಾ ಬ್ರೆಡ್ಡು ಕಾಯುತ್ತಿರುತ್ತಿದ್ದವು. ಬೆಳಗಿನ ಪಾಳಿ ಮುಗಿಸಿ ಮನೆಯಲ್ಲಿರುತ್ತಿದ್ದ ಕಲೇವಿಯನ್ನು ನಾವು ಬರುವುದು ನಿನಗೆ ಹೇಗೆ ಗೊತ್ತಾಗುತ್ತದೋ ಎಂದು ಕೇಳಿದರೆ, ನೀನು ಇಳಿಜಾರಿನಿಂದಲೇ ಡಂಗುರ ಹೊಡೆದುಕೊಂಡು ಬರುತ್ತೀಯಲ್ಲ ಎನ್ನುತ್ತಿದ್ದ. ಬೇಕಂತಲೇ ಅವನು ಆ ಬೀಡಿಂಗ್ ಹಾಕಿಸಲಿಲ್ಲವೇನೋ! ಐಲಿ ಏಣಿ ಹಾಕಿ ಹತ್ತಿ, ಆ ಸಂದಿಯ ಮೇಲೆ ಕಪ್ಪು ಟೇಪು ಅಂಟಿಸಿದಳು.

ಟ್ರೀನಾ ಹೇಳಿದ ಹೊತ್ತಿಗೆ ಸರಿಯಾಗಿ, ತಮ್ಮನ ಪಿಕಪ್ಪಿನಲ್ಲಿ ಮಕ್ಕಳೊಂದಿಗೆ ಬಂದಳು. ಅವನು ಪಾಳಿಗೆ ಹೊತ್ತಾಯಿತೆಂದು ಅವರನ್ನು ಇಳಿಸಿ ಹೊರಟುಹೋದ. ಮಾತು ಕಡಿಮೆಯ ಹೆಂಗಸು. ಗಾಡಿಯನ್ನು ಒಂದು ಸುತ್ತು ನೋಡಿ, ಮೆಚ್ಚಿದಂತೆ ತಲೆಯಾಡಿಸಿ, ಜಾಕೀಟಿನ ಜೇಬಿಗೆ ಕೈ ಹಾಕಿದಳು. ತೆಗೆದದ್ದು ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಆಯಸ್ಕಾಂತ, ಪಿಜ್ಜಾ ಅಂಗಡಿಯವರು ಪುಕ್ಕಟೆ ಕೊಡುತ್ತಾರಲ್ಲ, ಅಂಥದ್ದು. ಮುಂದಿನ ಬಾಗಿಲಿಗೆ ಹಿಡಿದಳು, ಟಕ್ಕೆಂದು ಕಚ್ಚಿಕೊಂಡಿತು. ಹಿಂದಿನ ಬಾಗಿಲಿಗೆ ಹಿಡಿದಳು, ಅಲ್ಲೂ ಕಚ್ಚಿತು. ಹಿಂಚಕ್ರದ ಕಮಾನಿಗೆ ಹಿಡಿದು ಕೈಬಿಟ್ಟಳು. ಆಯಸ್ಕಾಂತ ಜಾರಿ ನೆಲಕ್ಕೆ ಬಿತ್ತು.

ಟ್ರೀನಾ ಅದನ್ನು ಎತ್ತಿಕೊಂಡು ಮತ್ತೆ ಹಿಡಿದಳು. ಮತ್ತೆ ಬಿತ್ತು.

"ಇಲ್ಲಿ ಲೋಹವೇ ಇಲ್ಲ, ಬರೀ ಪುಟ್ಟಿ" ಎಂದಳು ಟ್ರೀನಾ. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಐಲಿಗೆ ಹೆಚ್ಚು ಚುಚ್ಚಿತು. "ಎಲ್ಲೋ ಜೋರಾಗಿ ಗುದ್ದಿರೋ ಗಾಡಿ ಇದು, ಅಲ್ವಾ? ಕೂರೋದು ನನ್ನ ಮಕ್ಕಳು. ಬೇಡ ಬಿಡಿ ಅಮ್ಮ, ತೊಂದ್ರೆ ಕೊಟ್ಟೆ." ಅವಳು ಮಕ್ಕಳನ್ನು ಕರೆದು, ತಮ್ಮನಿಗೆ ಫೋನು ಮಾಡಲು ಹೊರಟಳು.

ಮಾರನೆಯ ದಿನ ಬೆಳಿಗ್ಗೆ ಲೈಲ್ ಬರುತ್ತಾನೆ. ಈ ಗಾಡಿ ಗುಜರಿಗೆ ಹೋಗುವುದು ಒಂದು ನೋವಾದರೆ, ಗುದ್ದಿದ ಗಾಡಿ ಎಂಬ ಸುಳ್ಳು ಕಳಂಕ ಹೊತ್ತುಕೊಂಡು ಹೋಗುವುದು ಇನ್ನೊಂದು. ಅದನ್ನು ಹೊರಿಸಿದವಳು ತಾನೇ! ಅವಳು ಸೀದಾ ಶೆಡ್ಡಿಗೆ ಹೋಗಿ ಸ್ಕ್ರೂಡ್ರೈವರ್ ತಂದು, ನಿನ್ನೆ ಅಷ್ಟು ಚಂದ ಮಾಡಿ ಮೆತ್ತಿದ್ದ ಪುಟ್ಟಿಗೆ ಚುಚ್ಚಿ ಕಿತ್ತಳು. ದೊಡ್ಡ ಚಕ್ಕೆಗಳು ನೆಲಕ್ಕುದುರಿದವು. ಒಳಗಿನ ಕಂದು ತೂತು ಬಾಯಿ ಬಿಟ್ಟುಕೊಂಡು ಕಂಡಿತು.

"ನೋಡಮ್ಮ, ಇಷ್ಟೇ ಇರೋದು. ಉಪ್ಪು ತಿಂದಿದ್ದು, ಯಾವತ್ತೂ ಎಲ್ಲೂ ಗುದ್ದಿಲ್ಲ" ಎಂದಳು ಐಲಿ, ಉಸಿರು ಬಿಡುತ್ತ. "ಸುಳ್ಳು, ಗುದ್ದಿದೆ, ಹಿಮಕ್ಕೆ. ಬಾ, ಅದನ್ನೂ ತೋರಿಸ್ತೀನಿ."

ಆಮೇಲೆ ಅವಳನ್ನು ಹಿಡಿಯುವವರೇ ಇರಲಿಲ್ಲ. ಕಲೇವಿಯಾದರೂ ಇಷ್ಟು ಹೇಳುತ್ತಿರಲಿಲ್ಲವೇನೋ. ಬಂಪರಿನ ಅಂಟು ಕಿತ್ತು ಕಿರ್ಸ್ತಿಯ ಬಿರುಕು ತೋರಿಸಿದಳು. ಎರಡೂ ಪಕ್ಕದ ಗೀರುಗಳು ಕ್ಯಾಂಪಿನ ದಾರಿಯ ಪೊದೆಗಳು ಗೀಚಿದ್ದು ಎಂದಳು. ಶಾಲೆಗೆ ಹೊತ್ತಾಯಿತೆಂದು ಚಿಕ್ಕವಳು ಲೇನಾ ಮಂಜುಗಟ್ಟಿದ ಬಾಗಿಲನ್ನು ಜಗ್ಗಿದಾಗ ಅದರ ರಬ್ಬರೂ ಕಿತ್ತು ಕೈಗೆ ಬಂದದ್ದನ್ನು, ಅಂದಿನಿಂದ ಪ್ರತಿ ನವೆಂಬರಿನಲ್ಲಿ ಆ ರಬ್ಬರಿಗೆ ಅಡುಗೆ ಎಣ್ಣೆ ಸವರುವುದನ್ನು ಹೇಳಿದಳು. ಸೌನಾದಿಂದ ಹಾಕಿ ಕೋಲು ತಂದು ಡಿಕ್ಕಿ ಬಾಗಿಲಿಗೆ ಊರಿ ನಿಲ್ಲಿಸಿದಳು. ಟ್ರೀನಾಳ ದೊಡ್ಡ ಮಗಳು ಆ ಕೋಲನ್ನು ಮುಟ್ಟಿ, ಇದು ನಮಗೇ ಕೊಡುತ್ತೀರಾ ಎಂದು ಕೇಳಿದಳು.

ಟ್ರೀನಾ ತೂತಿನೊಳಗೆ ಬೆರಳು ಹಾಕಿ ಅಂಚು ಮುಟ್ಟಿ ನೋಡುತ್ತಿದ್ದಳು. "ನನ್ನ ತಮ್ಮ ವೆಲ್ಡಿಂಗ್ ಮಾಡೋನು. ತೂತು ಎಷ್ಟಿದೆ ಅಂತ ಕಂಡ್ರೆ ತಗಡು ಕೂರಿಸ್ತಾನೆ. ಮುಚ್ಚಿಟ್ರೇನೇ ಭಯ ಆಗೋದು" ಎಂದಳು. ಆಮೇಲೆ ಮೊದಲ ಸಲ ನಕ್ಕಳು. "ಇನ್ನೇನಾದ್ರೂ ಬಚ್ಚಿಟ್ಟಿದೀರಾ?"

ಐಲಿ ಏಣಿ ಹತ್ತಿ ಟೇಪಿನ ತುದಿ ಹಿಡಿದಳು. ಇದೊಂದು ಇರಲಿ, ಸದ್ದಿನ ಕಾಟ ತಪ್ಪುತ್ತದೆ ಎಂದು ಹೇಳಿ ಸಿಳ್ಳೆಯ ಕಥೆ ಹೇಳಿದಳು. ಹುಡುಗಿಯರು ಬಿಡಬೇಕಲ್ಲ? ಸಿಳ್ಳೆ ಹೊಡೆಯುವ ಗಾಡಿಯೇ ಬೇಕೆಂದು ಇಬ್ಬರೂ ಕುಣಿದರು. ಐಲಿ ಟೇಪನ್ನು ಸರ್ರನೆ ಎಳೆದುಬಿಟ್ಟಳು.

ವ್ಯವಹಾರ ಅಲ್ಲೇ ಬಾನೆಟ್ಟಿನ ಮೇಲೆ ಮುಗಿಯಿತು. ಗಾಡಿಯನ್ನು ಇವತ್ತೇ ತಮ್ಮನ ವೆಲ್ಡಿಂಗ್ ಶೆಡ್ಡಿಗೆ ಒಯ್ಯುತ್ತೇನೆಂದು ಟ್ರೀನಾ ಬೀಗದ ಕೈ ತೆಗೆದುಕೊಂಡಳು. ಹುಡುಗಿಯರು ಹಾಕಿ ಕೋಲನ್ನು ತೊಡೆಗಳ ಮೇಲೆ ಅಡ್ಡ ಇಟ್ಟುಕೊಂಡು ಹಿಂದೆ ಕೂತರು. ಕಲೇವಿಯನ್ನು ಕರೆಯಬೇಕೆಂದು ಐಲಿಗೆ ನೆನಪಾಗುವ ಹೊತ್ತಿಗೆ ಗಾಡಿ ಗೇಟು ದಾಟಿ ಹೆದ್ದಾರಿಗೆ ತಿರುಗಿತ್ತು.

ಒಂದು ಗಳಿಗೆ ಎಲ್ಲ ಸ್ತಬ್ಧವಾಗಿತ್ತು. ಆಮೇಲೆ ಇಳಿಜಾರಿನ ಕಡೆಯಿಂದ ಸಿಳ್ಳೆ ಎದ್ದಿತು. ಇಷ್ಟು ವರ್ಷ ಆ ಸದ್ದಿನ ಒಳಗೇ ಕೂತು ಗಾಡಿ ಓಡಿಸಿದವಳಿಗೆ ಅದು ಹೊರಗಿನಿಂದ ಹೇಗೆ ಕೇಳುತ್ತದೆಂದು ಗೊತ್ತೇ ಇರಲಿಲ್ಲ. ಎಷ್ಟು ಕೆಟ್ಟದಾಗಿ ಕೂಗುತ್ತದೆ ಮುಂಡೇದು ಎಂದು ನಗಲು ಹೋದಳು, ಅಳು ಬಂತು. ಅದು ಪೂರ್ತಿ ಕರಗುವವರೆಗೆ ಅಂಗಳದಲ್ಲೇ ನಿಂತಿದ್ದು, ಪುಟ್ಟಿಯ ಚೂರುಗಳನ್ನು ಕಾಲಿನಿಂದ ಬದಿಗೆ ಸರಿಸಿ, ಒಳಗೆ ಹೋಗಿ ಬೂಟು ಕಳಚಿದಳು.

ಅಡುಗೆಮನೆಯಲ್ಲಿ ಮೇಜಿನ ಮೇಲೆ ಎರಡು ಬಟ್ಟಲು ಇದ್ದವು. ಪುಲ್ಲಾ ಕೊಯ್ದಿಟ್ಟಿತ್ತು. ಕಲೇವಿ ಬಾಗಿಲಿಗೆ ಬೆನ್ನು ಹಾಕಿ ಒಲೆಯ ಮೇಲಿನ ಕಾಫಿ ಪಾತ್ರೆಯನ್ನು ಇಳಿಸುತ್ತಿದ್ದ.

"ಬಂದ್ಯಾ? ಸಿಳ್ಳೆ ಕೇಳಿಸ್ತು, ಕಾಫಿ ಇಟ್ಟೆ" ಎಂದ, ತಿರುಗದೆಯೇ.

ಅವನು ತಿರುಗಿ ಅವಳ ಮುಖ ನೋಡಿದ. ಆಮೇಲೆ ಕಿಟಕಿಯಾಚೆ ಗಾಡಿ ನಿಲ್ಲುತ್ತಿದ್ದ ಜಾಗ ನೋಡಿದ. ಅಲ್ಲಿ ಒಣಹುಲ್ಲಿನ ನಡುವೆ ಎಣ್ಣೆಯ ಕಲೆಯೊಂದು ಬಿಟ್ಟರೆ ಏನೂ ಇರಲಿಲ್ಲ. ಪಾತ್ರೆ ಇನ್ನೂ ಅವನ ಕೈಯಲ್ಲೇ ಇತ್ತು.

"ಇನ್ಮೇಲೆ ನೀನು ಬಂದಿದ್ದು ನಂಗೆ ಹೆಂಗೆ ಗೊತ್ತಾಗತ್ತೆ, ಐಲಿ?"

ಅವಳು ಎರಡು ಬಟ್ಟಲನ್ನೂ ಅವನ ಕಡೆಗೆ ಸರಿಸಿ, ಕುರ್ಚಿ ಎಳೆದುಕೊಂಡು ಕೂತಳು.

"ಬಂದಿದೀನಲ್ಲೋ" ಎಂದಳು. "ಬಗ್ಗಿಸು ಕಾಫಿ."