ಒಂದನೇ ಮೋರಿಯ ನೀರು

“ಕುರಿ ಕಾಯಾಂವನ ಕೈಯಾಗ ಬಾಟ್ಲಿ ಕೊಟ್ಟರ ಇನ್ನೇನ ತರತಾನ್ರಿ? ಉಚ್ಚಿ ಹೊಯ್ದು ತಂದಿರತಾನ.”

ಶಿವಶರಣ ಸಾಹೇಬ ಇದನ್ನು ನನಗೆ ಹೇಳಲಿಲ್ಲ. ನನ್ನತ್ತ ಬೆರಳು ತೋರಿಸಿ ಉಳಿದವರಿಗೆ ಹೇಳಿದ. ವಿಮಾನತಳದ ಆಫೀಸಿನ ಆ ಕೋಣೆಯಲ್ಲಿ ಪ್ರಯೋಗಾಲಯದಿಂದ ಬಂದ ಪ್ರಾಜಕ್ತಾ ಮ್ಯಾಡಂ ಇದ್ದರು, ಜೀಪಿನ ಡ್ರೈವರ್ ಶ್ರೀಶೈಲಪ್ಪ ಇದ್ದ, ಕಸ ಹೊಡೆಯುವ ಮಂಗಲಕ್ಕ ಇದ್ದಳು, ಬಾಗಿಲಲ್ಲಿ ಇಬ್ಬರು ವಾಚಮನ್ ನಿಂತಿದ್ದರು. ವಾಚಮನ್‌ಗಳು ಕಿಸಕ್ಕನೆ ನಕ್ಕರು. ಶ್ರೀಶೈಲಪ್ಪನೂ ನಕ್ಕ, ಸಾಹೇಬ ನಗಿಸಿದಾಗ ನಗುವುದು ಅವನ ನೌಕರಿಯಲ್ಲೇ ಸೇರಿದೆ. ಮ್ಯಾಡಂಗೆ ಕನ್ನಡ ಬರುವುದಿಲ್ಲ. ಅವರೊಬ್ಬರು ನಗಲಿಲ್ಲವೆಂದು ಸಾಹೇಬ ಅದೇ ಮಾತನ್ನು ಮರಾಠಿಯಲ್ಲಿ ಇನ್ನೊಮ್ಮೆ ಹೇಳಿದ. ಒಂದೇ ಬೈಗುಳವನ್ನು ಎರಡೆರಡು ಭಾಷೆಯಲ್ಲಿ ತಿಂದು ನಾನು ಗೋಡೆಗೆ ಆತು ನಿಂತಿದ್ದೆ.

ಅದು ಯಾವ ಬಾಟಲಿ, ನಾನೇಕೆ ತಂದೆ ಎಂಬುದನ್ನು ಹೇಳದಿದ್ದರೆ ನನ್ನ ಸಿಟ್ಟು ಯಾರಿಗೂ ತಿಳಿಯುವುದಿಲ್ಲ.

ಮರಾಠಿ ರಾಜ್ಯಕ್ಕೆ ಸೇರಿದ ನಮ್ಮ ಕನ್ನಡ ಸೀಮೆಯಲ್ಲಿ, ಜತ್ತದಿಂದ ಉಮದಿಯ ಕಡೆ ಹೋಗುವಾಗ ಬೋಳು ಮಡ್ಡಿನೆಲದ ಮೇಲೆ ದೊಡ್ಡ ವಿಮಾನತಳ ಎದ್ದಿದೆ. ನಮ್ಮ ಕುರಿ ಮೇಯುತ್ತಿದ್ದ ಜಾಗದಲ್ಲಿ ಈಗ ಕಣ್ಣು ಹಾಯುವಷ್ಟು ದೂರ ಡಾಂಬರು, ಸಿಮೆಂಟು. ಮಡ್ಡಿ ಮಡ್ಡಿಯಾಗಿದ್ದಾಗ ಬಿದ್ದ ಮಳೆಯನ್ನು ನೆಲವೇ ಕುಡಿದುಬಿಡುತ್ತಿತ್ತು. ಈಗ ಕುಡಿಯುವ ನೆಲವೇ ಇಲ್ಲ. ವಿಮಾನ ತೊಳೆದ ಸೋಪು, ಸೋರಿದ ಎಣ್ಣೆ, ಗಾಲಿ ಉಜ್ಜಿ ಬಿದ್ದ ರಬ್ಬರಿನ ಕರಿ, ಎಲ್ಲವನ್ನೂ ಬಳಿದುಕೊಂಡು ಮಳೆನೀರು ಮೂರು ಮೋರಿಗಳಿಂದ ಹೊರಗೆ ಬೀಳುತ್ತದೆ. ಎರಡನೆಯದು, ಮೂರನೆಯದು ದೊಡ್ಡ ರಸ್ತೆಯ ಬದಿಗೆ ಹೋಗುತ್ತವೆ. ಒಂದನೆಯದು ನೇರವಾಗಿ ನಮ್ಮ ಹಳ್ಳಕ್ಕೆ. ಹಳ್ಳದ ಮಡುವಿನಲ್ಲಿ ನಮ್ಮಪ್ಪ ರೇವಣ್ಣನ ಕುರಿಗಳು ನೀರು ಕುಡಿಯುತ್ತವೆ. ಅದರ ಕೆಳಗೆ ಮಲಕಾಜಪ್ಪನ ಎಮ್ಮೆಗಳು. ಅದರ ಕೆಳಗೆ ಊರಿನ ಕೆರೆ.

ಹೋದ ಮಳೆಗಾಲ ಮುಗಿಯುವುದರೊಳಗೆ ನಮ್ಮ ಕುರಿಗಳು ಒಂದರ ಹಿಂದೊಂದು ಕಂದು ಹಾಕಿದವು. ದಿನ ತುಂಬದ, ಕೂದಲೂ ಮೂಡದ ಮರಿಗಳು. ಅಪ್ಪ ಮೊದಲು ದೃಷ್ಟಿಯೆಂದ. ಆಮೇಲೆ ಮೇವಿನ ದೋಷವೆಂದ. ಒಂದು ದಿನ ಮಡುವಿನ ದಡದಲ್ಲಿ ಕೂತು, ನೀರಿನ ಮೇಲೆ ಬಣ್ಣಬಣ್ಣವಾಗಿ ಹೊಳೆಯುವ ಪೊರೆಯನ್ನು ಕೋಲಿನ ತುದಿಯಿಂದ ಸರಿಸಿ ನೋಡಿದ. ಕೋಲು ಎತ್ತಿದ ಕೂಡಲೇ ಪೊರೆ ಮತ್ತೆ ಕೂಡಿಕೊಂಡಿತು. ಅಂದಿನಿಂದ ಅವನು ಕಾರಣ ಹೇಳುವುದನ್ನು ಬಿಟ್ಟ. ಆದರೆ ಕುರಿಗಳನ್ನು ಬೇರೆಲ್ಲಿಗೆ ಹೊಡೆದುಕೊಂಡು ಹೋಗಬೇಕು? ಈ ಭಾಗದಲ್ಲಿ ನೀರು ಕಂಡಲ್ಲೇ ದಾರಿ.

ನಮ್ಮೂರಿನ ಗ್ರಾಮಸಭೆಗೆ ವಿಮಾನತಳದವರು ಬಂದರು. ಅವರ ಪರಿಸರ ವಿಭಾಗದ ಸಾಹೇಬನೇ ಈ ಶಿವಶರಣ. ತಾನೂ ಉಮದಿಯ ಕನ್ನಡ ಸಾಲಿಯಲ್ಲಿ ಕಲಿತವನು, ನಿಮ್ಮ ಮನೆಯ ಮಗನಿದ್ದಂತೆ ಎಂದು ಎದೆ ಮುಟ್ಟಿಕೊಂಡು ಮಾತು ಶುರು ಮಾಡಿದ. ಈ ಸಲದ ಮೊದಲ ದೊಡ್ಡ ಮಳೆಯ ನೀರನ್ನು ಹೊರಗಿನ ಪ್ರಯೋಗಾಲಯಕ್ಕೆ ಕಳಿಸುತ್ತೇವೆ, ಒಂದನೇ ಮೋರಿ ಕೆಟ್ಟಿದೆಯೆಂದು ಬಂದರೆ ಅದರ ಬಾಯಿ ಕಟ್ಟಿ, ಎಣ್ಣೆ ಬೇರೆ ಮಾಡುವ ಹೊಂಡ ತೆಗೆದು, ಶುದ್ಧವಾದ ಮೇಲೆಯೇ ನೀರು ಬಿಡುತ್ತೇವೆ, ಅಂದ. ಜನ ಚಪ್ಪಾಳೆ ಹೊಡೆದರು. ಚಪ್ಪಾಳೆ ಹೊಡೆಯುವುದರಲ್ಲಿ ನಮ್ಮೂರು ಯಾರಿಗೂ ಕಡಿಮೆಯಿಲ್ಲ. ಮಳೆಯಲ್ಲಿ ಓಡಾಡಿ ನೀರು ಹಿಡಿಯಲು ಊರಿನದೇ ಒಂದು ಆಳು ಬೇಕು ಎಂದಾಗ ನಾನು ಎದ್ದು ನಿಂತೆ. ನಾನು ಐದನೇ ಇಯತ್ತೆಗೆ ಸಾಲಿ ಬಿಟ್ಟು ಕುರಿಯ ಹಿಂದೆ ಹೋದವನು, ಓಡುವುದು ಬರುತ್ತದೆ. ಪಗಾರದ ಆಸೆ ನನಗಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಒಂದನೇ ಮೋರಿಯ ನೀರು ನನ್ನ ಕೈಯಿಂದಲೇ ಬಾಟಲಿಗೆ ಬೀಳಬೇಕು ಎಂಬುದು ಅದಕ್ಕಿಂತ ದೊಡ್ಡದಾಗಿತ್ತು.

ಕೆಲಸ ಕಲಿಸಿದವರು ಪ್ರಾಜಕ್ತಾ ಮ್ಯಾಡಂ, ಎಲ್ಲ ಮರಾಠಿಯಲ್ಲಿ, ರೈಲು ಓಡಿದಂತೆ. ನಾಲ್ಕು ಕಂದು ಗಾಜಿನ ಬಾಟಲಿ. ಮೋರಿಯಲ್ಲಿ ನೀರು ಹರಿಯತೊಡಗಿದ ಮೊದಲ ಅರ್ಧ ತಾಸಿನೊಳಗೆ ಹಿಡಿಯಬೇಕು, ಏಕೆಂದರೆ ಹೊಲಸೆಲ್ಲ ಮೊದಲ ನೀರಿನಲ್ಲೇ ಬರುತ್ತದೆ, ಆಮೇಲಿನದು ಬರೀ ಮಳೆ. ಬಾಟಲಿಯನ್ನು ತೊಳೆಯಬಾರದು, ಬಾಯಿಗೆ ಬೆರಳು ತಾಗಿಸಬಾರದು, ಹಿಡಿದ ಕೂಡಲೇ ಮಂಜುಗಡ್ಡೆ ತುಂಬಿದ ಬರ್ಫಿನ ಡಬ್ಬಿಯಲ್ಲಿಡಬೇಕು. ಮೂರು ಬಾಟಲಿ ಮೂರು ಮೋರಿಗೆ. ನಾಲ್ಕನೆಯದರಲ್ಲಿ ಅವರೇ ಶುದ್ಧ ನೀರು ತುಂಬಿ ಕೊಟ್ಟಿರುತ್ತಾರೆ. ಅದನ್ನು ತೆರೆಯುವಂತಿಲ್ಲ. ಅದು ಡಬ್ಬಿಯಲ್ಲಿ ಉಳಿದವುಗಳ ಜೊತೆಗೆ ಸುಮ್ಮನೆ ಹೋಗಿ ಸುಮ್ಮನೆ ಬರಬೇಕು. ಅದೂ ಕೆಟ್ಟಿದ್ದರೆ ನಮ್ಮ ಡಬ್ಬಿ, ನಮ್ಮ ಕೈ ಹೊಲಸೆಂದು ಅರ್ಥ. ಆ ಬಾಟಲಿ ತೋರಿಸಿ ಮ್ಯಾಡಂ, ಇದು ‘ಕೋರಾ’ ಎಂದರು. ಕೋರಾ ಕಾಗದವೆಂದರೆ ಏನೂ ಬರೆಯದ ಕಾಗದ, ಅದು ನಮ್ಮ ಮನೆಯ ಎಳೆಮಗುವಿಗೂ ಗೊತ್ತು. ಕೋರಾ ಎಂದರೆ ಅದರ ಮೇಲೆ ಏನೂ ಬರೆಯಬಾರದು ಎಂದು ನಾನು ತಿಳಿದೆ. ಪ್ರಯೋಗಾಲಯದಲ್ಲಿ ಅದಕ್ಕೆ ಸೊನ್ನೆಯ ನಂಬರು ಹಾಕುವ ರೂಢಿಯಿದೆ ಎಂದು ನನಗೆ ಯಾರೂ ಹೇಳಲಿಲ್ಲ.

ಮಳೆ ಒಂದು ಮಧ್ಯಾಹ್ನ ಮುಚ್ಚಂಡಿಯ ಕಡೆಯಿಂದ ಎದ್ದು ಬಂತು. ಡಬ್ಬಿ ಹೆಗಲಿಗೆ ಹಾಕಿಕೊಂಡು ಓಡಿದೆ. ಒಂದನೇ ಮೋರಿಗೆ ಮೊದಲು ಹೋದೆ. ನೀರು ನೀರಿನಂತಿರಲಿಲ್ಲ. ಸುಟ್ಟ ಬೆಲ್ಲದ ಪಾಕದಂತೆ ಕಪ್ಪಗೆ, ನೊರೆ ಕಟ್ಟಿಕೊಂಡು ಧುಮುಕುತ್ತಿತ್ತು. ಸೀಮೆಎಣ್ಣೆಯಂಥ ವಾಸನೆ. ಬೀಳುವ ನೀರಿಗೆ ಬಾಟಲಿಯ ಬಾಯಿ ಒಡ್ಡಿ ತುಂಬಿಸಿಕೊಂಡೆ. ಕಾಲು ಜಾರುತ್ತಿತ್ತು, ಮೊಣಕಾಲಿನವರೆಗೆ ಜಿಡ್ಡು. ಬಾಟಲಿಗೆ ಹಚ್ಚಲು ಕೊಟ್ಟಿದ್ದ ಛಾಪಿಸಿದ ಚೀಟಿಗಳನ್ನು ಕಿಸೆಯಿಂದ ತೆಗೆದರೆ ನೆನೆದು ಅಂಬಲಿಯಾಗಿದ್ದವು. ಮಾರ್ಕರ್ ಇತ್ತು. ಗಾಜನ್ನು ಅಂಗಿಯಿಂದ ಒರೆಸಿ ಅದರ ಮೇಲೆಯೇ ಬರೆದೆ. ಕೈ ತನಗೆ ಬರುವುದನ್ನು ಬರೆಯಿತು: ೧. ಆಮೇಲೆ ಓಡಿ ಹೋಗಿ ೨, ಮತ್ತೆ ಓಡಿ ೩. ಕೋರಾ ಬಾಟಲಿಯನ್ನು ಮುಟ್ಟಲಿಲ್ಲ.

ಇಷ್ಟೇ ನಾನು ಮಾಡಿದ್ದು. ಈಗ ಆ ಕೋಣೆಯಲ್ಲಿ ಮ್ಯಾಡಂ ಹೇಳುತ್ತಿದ್ದುದೇನೆಂದರೆ, ಶುದ್ಧವಿರಬೇಕಾದ ಸೊನ್ನೆಯ ಬಾಟಲಿಯಲ್ಲಿ ಮಿತಿ ಮೀರಿ ಎಣ್ಣೆಯಿದೆ, ಎರಡು ಮತ್ತು ಮೂರು ಪರವಾಗಿಲ್ಲ, ಒಂದಂತೂ ಕುಡಿಯುವ ನೀರಿನಷ್ಟು ಸ್ವಚ್ಛ. ಸಾಹೇಬ ತಕ್ಷಣ ಆ ಮಾತನ್ನು ಹಿಡಿದುಕೊಂಡ. ಈ ಹಡಬೆ ಸೊನ್ನೆಯ ಬಾಟಲಿ ತೆರೆದು ಹೊಲಸು ಮಾಡಿದ್ದಾನೆ, ಇವನ ಹೊಲಸು ಕೈಯಲ್ಲೂ ಒಂದನೇ ಮೋರಿ ಇಷ್ಟು ಸ್ವಚ್ಛ ಬಂದಿದೆ ಎಂದರೆ ಅದು ನಿಜವಾಗಿಯೂ ಸ್ವಚ್ಛ, ಹಾಗೇ ಬರೆದುಬಿಡಿ, ಅಂದ. ಉಚ್ಚೆಯ ಮಾತು ಬಂದದ್ದು ಅದರ ಬೆನ್ನಿಗೇ.

ಬೈದದ್ದನ್ನು ನುಂಗಬಹುದಿತ್ತು. ಒಂದನೇ ಮೋರಿ ಸ್ವಚ್ಛ ಎಂಬುದನ್ನು ನುಂಗಲಾಗಲಿಲ್ಲ. ಆ ನೀರಿನ ಜಿಡ್ಡನ್ನು ನಾನು ಬೂದಿ ಹಚ್ಚಿ ಉಜ್ಜಿ ತೊಳೆದಿದ್ದೆ.

ಬಾಟಲಿ ತೋರಿಸಿರಿ ಎಂದು ಮ್ಯಾಡಂಗೆ ಮರಾಠಿಯಲ್ಲಿ ಕೇಳಿದೆ. ತಪಾಸಣೆಯಾಗಿ ಖಾಲಿಯಾದ ಬಾಟಲಿಗಳನ್ನು ಅವರು ಡಬ್ಬಿಯಲ್ಲೇ ತಂದಿದ್ದರು. ಮೇಜಿನ ಮೇಲೆ ಇಟ್ಟರು. ನೋಡಿದೆ. ನೋಡಿದ ಕೂಡಲೇ ತಿಳಿಯಿತು.

ಕನ್ನಡದ ಎರಡು, ಮೂರು ಮರಾಠಿಯ ಎರಡು, ಮೂರರಂತೆಯೇ ಕಾಣುತ್ತವೆ, ಅಣ್ಣತಮ್ಮಂದಿರ ಹಾಗೆ. ಆದರೆ ಕನ್ನಡದ ಒಂದು ದುಂಡಗಿನ ಸುತ್ತು, ಕೆಳಗೆ ಚೂರು ಬಾಯಿ ಬಿಟ್ಟಿರುತ್ತದೆ. ಒದ್ದೆ ಗಾಜಿನ ಮೇಲೆ ಮಸಿ ಹರಡಿ ಆ ಬಾಯಿಯೂ ಮುಚ್ಚಿಹೋಗಿತ್ತು. ಮರಾಠಿ ಓದಿದವರು ಅದನ್ನು ಸೊನ್ನೆ ಎಂದು ಓದಿದ್ದರು. ಉಳಿದದ್ದು ಏನೂ ಬರೆಯದ ಒಂದು ಬಾಟಲಿ. ಸೊನ್ನೆ ಇದೆ, ಎರಡಿದೆ, ಮೂರಿದೆ, ಹಾಗಾದರೆ ಇದೇ ಒಂದು ಎಂದುಕೊಂಡಿದ್ದರು. ನಮ್ಮ ಹಳ್ಳದ ವಿಷ ಸೊನ್ನೆಯಾಗಿತ್ತು. ಮ್ಯಾಡಂ ತುಂಬಿ ಕೊಟ್ಟ ಶುದ್ಧ ನೀರು ಒಂದನೇ ಮೋರಿಯಾಗಿತ್ತು.

“ಮ್ಯಾಡಂ, ಇದು ಸೊನ್ನಿ ಅಲ್ರಿ. ಇದು ನಮ್ಮ ಕನ್ನಡದ ಒಂದು,” ಎಂದೆ. ಸಿಟ್ಟಿನಲ್ಲಿ ಕನ್ನಡದಲ್ಲೇ ಅಂದೆ, ಆಮೇಲೆ ಮರಾಠಿಯಲ್ಲಿ ತಿರುಗಿಸಿ ಹೇಳಿದೆ.

ಮ್ಯಾಡಂ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು. ಸಾಹೇಬನತ್ತ ತಿರುಗಿ, ನೀವು ಕನ್ನಡ ಸಾಲಿಯವರಲ್ಲವೇ, ಇದು ಒಂದೇನು ಎಂದು ಕೇಳಿದರು.

ಶಿವಶರಣ ಬಾಟಲಿ ಇಸಿದುಕೊಂಡ. ಹೊರಳಿಸಿ ನೋಡಿದ. ಅವನ ಕಣ್ಣು ಆ ಅಂಕಿಯ ಮೇಲೆ ನಿಂತದ್ದನ್ನು ನಾನು ಕಂಡೆ. ನಾನು ಕಂಡದ್ದನ್ನು ಅವನೂ ಕಂಡ.

“ಸೊನ್ನಿ ಐತಿ,” ಅಂದ.

ನಾನು ಶ್ರೀಶೈಲಪ್ಪನನ್ನು ನೋಡಿದೆ. ಅವನು ದಿನಾ ಜೀಪಿನಲ್ಲಿ ಕೂತು ಕನ್ನಡ ಪೇಪರು ಓದುತ್ತಾನೆ. ಕಾಕಾ, ನೀವರ ಹೇಳ್ರಿ, ಎಂದು ಬಾಟಲಿಯನ್ನು ಅವನ ಮುಖಕ್ಕೆ ಹಿಡಿದೆ. ಅವನು ಕಿಸೆ ತಡಕಿಕೊಂಡ.

“ಕನ್ನಡ ಓದಾಕ ಕನ್ನಡಕ ಬೇಕಪಾ. ಮನ್ಯಾಗ ಬಿಟ್ಟ ಬಂದೀನಿ.”

ವಾಚಮನ್‌ಗಳು ಮತ್ತೆ ನಕ್ಕರು. ಮಂಗಲಕ್ಕ, ತನಗೆ ಅಕ್ಷರ ಬರುವುದಿಲ್ಲವೆಂದು ಯಾರೂ ಕೇಳದೆಯೇ ಹೇಳಿ ಮೂಲೆಯನ್ನು ಎರಡನೇ ಸಲ ಗುಡಿಸತೊಡಗಿದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ, ಅವಳು ಹೇಳಿದ್ದು ನಿಜ. ಓದಲು ಬರುವವರ ಬಾಯಿಗೆ ಏನು ಬಡಿದಿತ್ತು? ಸಾಲಿ ಬಿಟ್ಟವನೆಂದು ಹತ್ತು ವರ್ಷ ನನ್ನನ್ನು ಹಂಗಿಸಿದ ಊರು ಇದು. ಸಾಲಿ ಕಲಿತವರಿಗೆ ಒಂದನ್ನು ಒಂದು ಎನ್ನಲು ಆಗಲಿಲ್ಲ.

ಮ್ಯಾಡಂ ಎಲ್ಲರ ಮುಖವನ್ನೂ ನೋಡಿದರು. ಅವರು ಏನು ತಿಳಿದರೋ, ಸಾಹೇಬನಿಗೆ ಖಡಕ್ಕಾಗಿ ಒಂದು ಮಾತು ಹೇಳಿದರು. ನೀರು ಹಿಡಿದವನು ತಾನೇ ಬಂದು, ಕೋರಾ ಬಾಟಲಿ ತೆರೆದೆ, ಸೊನ್ನೆ ಬರೆದೆ ಎಂದು ಒಪ್ಪಿದರೆ ಹಾಗೆ ಬರೆಯುತ್ತೇನೆ, ಜೀಪು ಹೊರಡುವವರೆಗೆ ಕಾಯುತ್ತೇನೆ. ಒಪ್ಪದಿದ್ದರೆ ನಾಲ್ಕೂ ರದ್ದು. ಮುಂದಿನ ಮಳೆಗೆ ಮತ್ತೆ ಹಿಡಿಯಬೇಕು, ಆಗ ನಾನೇ ಒಂದನೇ ಮೋರಿಯ ಹತ್ತಿರ ಬಂದು ನಿಲ್ಲುತ್ತೇನೆ.

ಸಾಹೇಬ ನನ್ನ ರಟ್ಟೆ ಹಿಡಿದು ಹೊರಗೆ ಕರೆದುಕೊಂಡು ಹೋದ. ಹೊರಗೆ ಹೋದ ಮೇಲೆ ರಟ್ಟೆ ಬಿಟ್ಟು ಹೆಗಲ ಮೇಲೆ ಕೈ ಹಾಕಿದ. ಒಳಗೆ ಹಡಬೆಯಾಗಿದ್ದವನು ಹೊರಗೆ ಬಂದೊಡನೆ ತಮ್ಮನಾದೆ.

“ನೋಡ ತಮ್ಮಾ, ಅದು ಒಂದು ಅಂತ ನಂಗೂ ಗೊತ್ತೈತಿ. ಮಾಸ್ತರು ಕೈ ಹಿಡದು ತಿದ್ದಿಸಿದ್ದು, ಹ್ಯಾಂಗ ಮರೀತೀನಿ?”

“ಮತ್ತ ಒಳಗ ಯಾಕ ಸೊನ್ನಿ ಅಂದ್ರಿ?”

ಹೊಂಡ ತೆಗೆಯಬೇಕೆಂದರೆ ಆ ಕಡೆಯ ಕೆಲಸವೆಲ್ಲ ಬಂದ್ ಇಡಬೇಕು, ಬಂದ್ ಇಟ್ಟರೆ ಮೇಲಿನವರು ಮೊದಲು ಹಿಡಿಯುವುದು ತನ್ನ ಕುತ್ತಿಗೆ ಎಂದ. ತನಗೂ ಮಕ್ಕಳಿದ್ದಾರೆ ಎಂದ. ಆಮೇಲೆ ದನಿ ಇನ್ನಷ್ಟು ಇಳಿಸಿದ.

“ನೀ ಒಳಗ ಹೋಗಿ, ತಪ್ಪ ಆಗೇತಿ, ಬಾಟ್ಲಿ ತೆರದಿದ್ದೆ ಅನ್ನು. ಅಷ್ಟ. ನಾಳಿಂದ ನಿಮ್ಮಪ್ಪನ ಕುರಿಗಿ ನಮ್ಮ ಟ್ಯಾಂಕರ್ ಬರತೈತಿ. ಚಲೋ ನೀರು, ದಿನಾ. ನಿನ್ನ ನೌಕರಿನೂ ಪಕ್ಕಾ ಮಾಡತೀನಿ.”

“ಮಲಕಾಜಪ್ಪನ ಎಮ್ಮಿಗಿ?”

“ಮಲಕಾಜಪ್ಪ ನಿನಗ ಹೆಣ್ಣ ಕೊಡಾಂವ ಅದಾನೇನ?”

ಅಂದು ತಾನೇ ನಕ್ಕ.

ಅವನು ಹೊಡೆದಿದ್ದರೆ ಸುಲಭವಾಗುತ್ತಿತ್ತು. ಟ್ಯಾಂಕರ್ ಎಂದುಬಿಟ್ಟ. ಟ್ಯಾಂಕರಿನ ನೀರು ತೊಟ್ಟಿಗೆ ಬೀಳುವುದು, ಕುರಿಗಳು ಒಂದನ್ನೊಂದು ತಳ್ಳಿಕೊಂಡು ಮೂಗು ಹಾಕುವುದು, ಅಪ್ಪ ಕೋಲಿಗೆ ಗದ್ದ ಊರಿ ನೋಡುತ್ತ ನಿಲ್ಲುವುದು, ಎಲ್ಲ ಕಣ್ಣ ಮುಂದೆ ಬಂತು. ಬಂದದ್ದಕ್ಕೇ ನನಗೆ ನನ್ನ ಮೇಲೆ ಸಿಟ್ಟು ಬಂತು. ನಮ್ಮಪ್ಪನ ಮುಂದೆ ಆ ತೊಟ್ಟಿ ಇಟ್ಟು, ಇದರ ಕೆಳಗಿನವರೆಲ್ಲ ಕಪ್ಪು ನೀರು ಕುಡಿಯಲಿ, ಅದಕ್ಕೆ ನಿನ್ನ ಮಗ ಹೂಂ ಅಂದಿದ್ದಾನೆ ಎಂದು ಯಾರು ಹೇಳಬೇಕು? ಬೇಸಿಗೆಯಲ್ಲಿ ಊರಿನ ಹುಡುಗರೆಲ್ಲ ಆ ಕೆರೆಯಲ್ಲೇ ಬಿದ್ದಿರುತ್ತಾರೆ. ಅವರ ಕಿವಿ, ಮೂಗು, ಬಾಯಿಯೊಳಗೆಲ್ಲ ಅದೇ ನೀರು.

ಇಲ್ಲ ಎಂದು ಹೇಳಲು ಬಾಯಿ ತೆರೆದೆ. ಅಲ್ಲಿಗೇ ನಿಲ್ಲಿಸಿದೆ. ನನ್ನ ಬಾಯಿಂದ ಬಿದ್ದ ಯಾವ ಮಾತನ್ನಾದರೂ ಇವನು ಒಳಗೆ ಹೋಗಿ ತನಗೆ ಬೇಕಾದಂತೆ ಓದಬಲ್ಲ. ಒಂದನ್ನೇ ಸೊನ್ನೆಯೆಂದು ಓದಿದವನು.

ಪಡಸಾಲೆಯ ಆ ತುದಿಯಲ್ಲಿ ಮ್ಯಾಡಂ ಡಬ್ಬಿ ಎತ್ತಿಕೊಂಡು ಹೊರಗೆ ಬಂದರು. ಶ್ರೀಶೈಲಪ್ಪ ಜೀಪು ಶುರು ಮಾಡಿದ. ಮ್ಯಾಡಂ ಒಂದು ಕಾಲು ಜೀಪಿನಲ್ಲಿಟ್ಟು ನಮ್ಮತ್ತ ನೋಡುತ್ತ ನಿಂತರು.

“ಲಗೂನ ಹೇಳಪಾ,” ಸಾಹೇಬ ಅಂದ. “ಹೂಂ ಅಂತಿಯೋ, ಇಲ್ಲೋ?”

ಹೆಗಲ ಮೇಲಿನ ಅವನ ಕೈಯನ್ನು ತೆಗೆದೆ. ಮೆಟ್ಟಿಲಿಳಿದೆ. ಅವನು ಹೆಸರು ಹಿಡಿದು ಕೂಗಿದ, ಆಮೇಲೆ ಜಾತಿ ಹಿಡಿದು ಕೂಗಿದ, ಆಮೇಲೆ ಮತ್ತೆ ತಮ್ಮಾ ಎಂದ. ನಾನು ಒಪ್ಪದ ಬಾಟಲಿಗಳನ್ನು ಹೊತ್ತು ಜೀಪು ನನ್ನನ್ನು ದಾಟಿ ಗೇಟಿನ ಕಡೆ ಹೋಯಿತು. ನಾಲ್ಕೂ ರದ್ದು. ನಾನು ತಂತಿಬೇಲಿಯ ಗುಂಟ ಹಳ್ಳದ ಕಡೆ ನಡೆಯುತ್ತಲೇ ಹೋದೆ.